ವಿಜಯವಾಡದಿಂದ ಹೈದರಾಬಾದಿಗೆ ಐವತ್ತೈದು ನಿಮಿಷ

ಹೆಣ್ಣು ನೋಡಲು ಬಂದ ಹುಮನಾಬಾದಿನ ಮಚ್ಚೇಂದ್ರ ಚಹಾದ ಕಪ್ಪು ಹಿಡಿದೇ ಕುಳಿತಿದ್ದ, ಕುಡಿಯುವುದನ್ನೇ ಮರೆತಿದ್ದ. ಕಣ್ಣೆಲ್ಲ ಬಾಗಿಲ ಹಿಂದಿನ ಶೇವಂತಾಳ ಮೇಲೆ. ಅವಳೇನು ಕಡಿಮೆಯೇ? ಅವನ ಗಲ್ಲದ ಗುಳಿಯನ್ನು ಎರಡು ಸಲ ಕದ್ದು ನೋಡಿ, ಮೂರನೆಯ ಸಲ ಸಿಕ್ಕಿಬಿದ್ದಳು.

"ನೌಕರಿ ಎಲ್ಲಿ?" ಎಂದು ಅವಳ ಅಪ್ಪ ಗುಂಡಪ್ಪ ಕೇಳಿದ್ದೇ ತಡ, ಎಲ್ಲ ಕೆಟ್ಟಿತು.

"ವಿಜಯವಾಡ ಏರ್‌ಪೋರ್ಟ್‌ನಾಗ್ರಿ, ವೈರ್‌ಲೆಸ್ ಆಪರೇಟರ್. ಇಲ್ಲಿಂದ ನಾನೂರಾ ಐವತ್ತು ಕಿಲೋಮೀಟರ್."

ಗುಂಡಪ್ಪನದೊಂದು ಹಟ. ಮುಂಜಾನೆ ಹೊರಟವರು ದೀಪ ಹಚ್ಚುವುದರೊಳಗೆ ತಮ್ಮೂರು ರಾಜೇಶ್ವರ ಮುಟ್ಟಬೇಕು. ಅಂಥ ಊರಿಗೇ ಹೆಣ್ಣು ಕೊಡುವುದು. ಅವನ ತಾಯಿ ಸತ್ತಾಗ ಪುಣೆಗೆ ಕೊಟ್ಟಿದ್ದ ತಂಗಿ ಲಲಿತಾಬಾಯಿ ಮಣ್ಣಾದ ಮರುದಿನ ಬಂದು ಅಂಗಳದಲ್ಲಿ ಬಿದ್ದು ಹೊರಳಾಡಿದ್ದಳು. ಆಮೇಲೆ ಹಿರಿಮಗಳನ್ನು ಅವನು ಹತ್ತಿರದ ಘಾಟಬೋರಾಳ ದಾಟಿಸಲಿಲ್ಲ.

"ವಿಮಾನದಾಗ ಹೈದರಾಬಾದಿಗೆ ಐವತ್ತೈದು ನಿಮಿಷ್ರಿ. ಅಲ್ಲಿಂದ ಬಸ್ಸಿಗೆ ನಾಕು ತಾಸು."

"ಹಕ್ಕಿ ಲೆಕ್ಕ ನನಗ ಹೇಳಬ್ಯಾಡಪಾ."

ಮಾತು ಮುರಿಯಿತು. ಶೇವಂತಾ ಮೂರು ದಿನ ರೊಟ್ಟಿ ಮುಟ್ಟಲಿಲ್ಲ. "ಕೊಟ್ರ ಅವಗ ಕೊಡು, ಇಲ್ಲಾ ಮನ್ಯಾಗ ಇಟ್ಕೋ," ಎಂದಳು.

ಮುಂದಿನ ವಾರ, ಇಳಿಹೊತ್ತು. ಶೇವಂತಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೈದರಾಬಾದ್ ಬಸ್ಸಿಳಿದ ಮಚ್ಚೇಂದ್ರ ಓಡುತ್ತ ಬಂದ. ಯೂನಿಫಾರ್ಮಿನ ಗುಂಡಿ ಬಿಚ್ಚಿತ್ತು, ಕಣ್ಣು ಕೆಂಪಾಗಿದ್ದವು. ಅವಳನ್ನು ಕಂಡವನೇ ಕಟ್ಟೆಯ ಮೇಲೆ ಕುಸಿದ.

"ನೀ... ಆರಾಮ ಇದ್ದೀ?"

ಅವನ ಕೈಯಲ್ಲಿ ತಾರು: 'ಶೇವಂತಾ ಸೀರಿಯಸ್. ಕೂಡಲೇ ಬಾ.'

ಬರೀ 'ಬಾ' ಎಂದರೆ ಈ ಕಡೆ ಯಾರೂ ಬರುವುದಿಲ್ಲ. ಖಂಡಿತ ಬರಬೇಕೆಂದರೆ 'ಸೀರಿಯಸ್' ಎಂದೇ ತಾರು ಕೊಡುವುದು ರೂಢಿ. ಗುಂಡಪ್ಪ ಮಾಡಿದ್ದೂ ಅದನ್ನೇ.

"ಅಪ್ಪಾ! ಜೀವಂತ ಇದ್ದಾಕಿನ್ನ ಸಾಯಾಕ ಹಚ್ಚಿದ್ಯಲ್ಲ!" ಒಳಗಿನಿಂದ ಅಂಗಳಕ್ಕೆ ಬಂದ ಗುಂಡಪ್ಪನ ಮೇಲೆ ಶೇವಂತಾ ಉರಿದುಬಿದ್ದಳು.

"ಖರೇ ಸಂಕಟಕ್ಕ ಎಷ್ಟೊತ್ತಿಗೆ ಮುಟ್ತಾನ ನೋಡಬೇಕಿತ್ತು. ತಾರು ಯಾವಾಗ ಸಿಕ್ತಪಾ?"

"ಮುಂಜಾನಿ ಒಂಬತ್ತಕ್ರಿ."

ಗುಂಡಪ್ಪ ಪಡುವಣ ದಿಕ್ಕು ನೋಡಿದ. ಹೊತ್ತು ಇನ್ನೂ ಎರಡಾಳೆತ್ತರ ಇತ್ತು. ಮುದುಕ ಮಚ್ಚೇಂದ್ರನ ಪಕ್ಕ ಕಟ್ಟೆಯ ಮೇಲೆ ಕುಳಿತ.

"ನಾಳಿ ನನಗ ಏನರೆ ಆದ್ರ, ಇಕಿನ್ನ ಹಿಂಗ ಕರ್ಕೊಂಡ ಬರ್ತಿಯಲ್ಲ?"

"ಬರ್ತೀನ್ರಿ. ಆಣಿ ಮಾಡ್ತೀನಿ."

"ಹಂಗಾರ ಕೊಟ್ಟೆ, ತಗೋ!"

ಶೇವಂತಾ ಸೆರಗಿನಿಂದ ಮಚ್ಚೇಂದ್ರನ ಮುಖದ ಧೂಳು ಒರೆಸತೊಡಗಿದಳು.

"ಓಣಿ ಎಲ್ಲಾ ನೋಡಾಕತ್ತದ," ಅಂದ ಅವನು, ಗಲ್ಲದ ಗುಳಿಯಲ್ಲೇ ನಗುತ್ತ.

"ನೋಡ್ಲಿ. ನನ್ನ ಗಂಡನ್ನ ನಾ ಗೆದ್ದೀನಿ," ಎಂದಳು ಅವಳು. ತಂದೆಯತ್ತ ತಿರುಗಿ, "ನಿನಗೇನೂ ಆಗೂದಿಲ್ಲಪಾ. ನಾಗರ ಪಂಚಮಿಗಿ ವಿಮಾನದಾಗ ಬರ್ತೀನಿ, ಉಂಡಿ ಕಟ್ಟಿಸಿಡು!" ಎಂದಳು.