ಪರದೆಯಾಚೆ ಹೋದ ಚಿತ್ರಗಳು

"ಈ ಫೋಟೋ ನಿಮ್ಮ ಫೋನಿನ್ಯಾಗ ಹೆಂಗ ಬಂದ್ವು?"

ಫರಹತಳ ದನಿ ಏರಿರಲಿಲ್ಲ. ಏರಿದ್ದರೆ ಆಸಿಫನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಸಾಲೋಟಗಿಯ ಮದುವೆ ಮನೆ. ಹಂದರದ ನಡುವೆ ಹಸಿರು ಪರದೆ. ಅತ್ತ ಗಂಡಸರು, ಇತ್ತ ಹೆಂಗಸರು. ಗಂಡಸರ ಫೋಟೋ ತೆಗೆಯಲು ಬಂದವನು ಇಂಡಿಯಲ್ಲಿ ಸ್ಟುಡಿಯೋ ಇಟ್ಟಿರುವ ಆಸಿಫ. ಹೆಂಗಸರ ಕಡೆಗೆ, ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡುವ ಫರಹತ.

ಬ್ಯಾಟರಿ ಬೇಕೆಂದು ಪರದೆ ದಾಟಿ ಬಂದು ಅವಳು ಅವನ ಚೀಲಕ್ಕೆ ಕೈಹಾಕಿದ್ದಳು. ಚೀಲದ ಮೇಲಿದ್ದ ಅವನ ಫೋನು ಬೆಳಗಿತು. ಮದುಮಗಳ ಮೆಹಂದಿ ಕೈ… ಸೆರಗು ಜಾರಿದ ಅವಳ ತಾಯಿ… ಬಿಚ್ಚುಗೂದಲಲ್ಲಿ ನಗುತ್ತಿದ್ದ ಚಿಕ್ಕಮ್ಮ ಮುಬಿನ. ಈಗಷ್ಟೇ ಫರಹತ ತೆಗೆದ ಚಿತ್ರಗಳು, ಒಂದರ ಹಿಂದೊಂದು ಬಂದು ಕೂಡುತ್ತಲೇ ಇದ್ದವು.

"ಅಲ್ಲಾನಾಣಿ, ನಂಗ ಗೊತ್ತಿಲ್ರಿ."

"ಆಣಿ ಮಾಡಬ್ಯಾಡ್ರಿ. ನಿಮ್ಮ ಆಣಿ ತಗೊಂಡು ಒಳಗಿನ ಹೆಂಗಸರಿಗೆ ಏನ ಹೇಳ್ಲಿ?"

"ಒಂದ ನಿಮಿಷ ಕೇಳ್ರಿ ಫರಹತ…"

"ಸೈದಾಬಿ ಖಾಲಾಗ ಹೇಳ್ರಿ, ನನ್ನ ಉತ್ತರಾ ಕಾಯೂದ ಬ್ಯಾಡ ಅಂತ."

ಸೈದಾಬಿ ಅವನ ತಾಯಿಯ ತಂಗಿ. ಹೋದ ವಾರವಷ್ಟೇ ಸಂಬಂಧ ಕೇಳಿಕೊಂಡು ಫರಹತಳ ಮನೆಗೆ ಬಂದಿದ್ದಳು. ಈ ಮದುವೆ ಮುಗಿಸಿ 'ಹೂಂ' ಅನ್ನಬೇಕೆಂದು ಫರಹತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಈಗ ಆ ಮನಸ್ಸೇ ಉಳಿದಿರಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ… ಎಲ್ಲಿ ಪರದೆ ಕಟ್ಟಿದರೂ ಒಳಗೆ ಅವಳೇ ಬೇಕಿತ್ತು. ಅವಳ ಕೈಗಿಂತ ಅವಳ ಮಾತಿಗೆ ಬೆಲೆ. 'ಇದು ಗಂಡಸರ ಕಣ್ಣಿಗೆ ಬೀಳಾಂಗಿಲ್ಲ' ಎಂದು ಅವಳು ಮಾತು ಕೊಟ್ಟ ಮೇಲೆಯೇ ಹೆಂಗಸರು ಸೆರಗು ಸಡಿಲಿಸಿ ನಗುತ್ತಿದ್ದರು. ಆ ನಗುವನ್ನು ಈತ ಕದ್ದನೇ?

ಮರುದಿನ ಕ್ಯಾಮೆರಾ ತಿರುಗಿ ಕೊಟ್ಟುಬಿಡಬೇಕೆಂದು ಡಬ್ಬಿ ತೆಗೆದಳು. ಹೊಸ ಕ್ಯಾಮೆರಾ. ಅದರಲ್ಲಿ ತೆಗೆದ ಮೊದಲ ಮದುವೆಯೇ ಅದು. ಡಬ್ಬಿಯ ತಳದಲ್ಲಿ ಮ್ಯಾನುವಲ್ ಇತ್ತು, ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ.

ಅವನ ಕಳ್ಳತನವನ್ನು ಹಿಡಿದು ಅವನ ಮುಖದ ಮುಂದೆ ಇಡಬೇಕು. ಆ ಸಿಟ್ಟಿನಲ್ಲೇ ಪ್ಲಾಸ್ಟಿಕ್ ಹರಿದಳು.

ಇರುವೆ ಸಾಲಿನಂಥ ಅಕ್ಷರ. ಇಂಗ್ಲಿಷು, ಚೀನೀ, ಅರಬ್ಬಿ, ಇನ್ನೂ ಯಾವಯಾವುದೋ. ಕನ್ನಡ ಮಾತ್ರ ಇಲ್ಲ. ನಮ್ಮ ದುಡ್ಡಿಗೆ ಭಾಷೆ ಅಡ್ಡ ಬರುವುದಿಲ್ಲ, ನಮ್ಮ ಕಣ್ಣಿಗಷ್ಟೇ ಬರುತ್ತದೆ! ಮಾರುವವರಿಗೆ ನಾವು ಓದಬೇಕಾಗಿಯೇ ಇಲ್ಲ. ಒತ್ತಿದರೆ ಸಾಕು.

ಬಿ.ಎ. ತನಕ ಓದಿದವಳು, ಒಂದೊಂದೇ ಸಾಲು ಬಿಡಿಸುತ್ತಾ ಹೋದಳು. ನಡುವೆ ಒಂದು ಕಡೆ ಬೆರಳು ನಿಂತಿತು.

ತೆಗೆದ ಚಿತ್ರ, ಹತ್ತಿರದಲ್ಲಿರುವ ಜೋಡಿಸಿದ ಫೋನಿಗೆ ತಾನಾಗಿಯೇ ಹೋಗುತ್ತದೆ. ಬೇಡವಾದರೆ ಮೊದಲ ಸಲವೇ ಬೇಡವೆನ್ನಬೇಕು.

ಮೊದಲ ಸಲ…

ಕ್ಯಾಮೆರಾ ಬಂದ ದಿನ ಅಂಗಡಿಯಲ್ಲಿ ಆಸಿಫ ಈ ಪುಸ್ತಕ ಹಿಡಿದು, "ಓದೂಣೇನ್ರಿ?" ಎಂದಿದ್ದ.

"ಇದನ್ನ ಯಾರ ಓದ್ತಾರ್ರಿ? ಮಿಕ್ಸರಿಂದು ಓದೀರಿ? ಫ್ರಿಜ್ಜಿಂದು ಓದೀರಿ?" ಎಂದು ನಕ್ಕು ಕ್ಯಾಮೆರಾ ಕಸಿದುಕೊಂಡವಳು ಅವಳೇ. ತಾರೀಖು ಹೊಂದಿಸಲು ಅವನು ತನ್ನ ಫೋನು ಜೋಡಿಸಿಕೊಟ್ಟಿದ್ದ. ಆಮೇಲೆ ಕ್ಯಾಮೆರಾ ಏನೇನೋ ಕೇಳಿತು. ಎಲ್ಲದಕ್ಕೂ ಹೂಂ ಎಂದು ಒತ್ತುತ್ತಾ ಹೋದವಳೂ ಅವಳೇ.

ಮ್ಯಾನುವಲ್ ಮಡಚಿ ಕೆಳಗಿಟ್ಟಳು.

ನಿಕಾಹದಲ್ಲಿ ಸಾಕ್ಷಿಗಳು ಬಂದು ಮದುಮಗಳನ್ನು ಕೇಳುತ್ತಾರೆ, 'ಕಬೂಲ್' ಎನ್ನುವ ತನಕ ಕಾಯುತ್ತಾರೆ. ಈ ಯಂತ್ರ ಒಳಗಿನ ಒಬ್ಬ ಹೆಂಗಸನ್ನೂ ಕೇಳಿರಲಿಲ್ಲ. ಒಬ್ಬಳ ಬೆರಳನ್ನೇ ಎಲ್ಲರ ಒಪ್ಪಿಗೆ ಎಂದು ಹಿಡಿದುಕೊಂಡಿತ್ತು. ಓದಲಾಗದಂತೆ ಬರೆದು ಪಡೆದದ್ದು ಒಪ್ಪಿಗೆಯಲ್ಲ, ಕಸಿದುಕೊಂಡದ್ದು.

ಆದರೂ… ಬೆರಳು ತನ್ನದು.

'ಆತ ಆಣೆ ಮಾಡಿದ. ನಾನು ಕೇಳಿಸಿಕೊಳ್ಳಲೇ ಇಲ್ಲ.'

ಆಸಿಫನ ಬಳಿಗೆ ಹೋಗಲು ಕಾಲು ಎಳೆಯಿತು. ಆದರೆ ಮಾತು ಕೊಟ್ಟದ್ದು ಆ ಹೆಂಗಸರಿಗೆ. ಮೊದಲು ಸಾಲೋಟಗಿಯ ಬಸ್ಸು ಹಿಡಿದಳು.

ಅಲ್ಲಿ, ಆ ಮನೆಯ ಕಟ್ಟೆಯ ಮೇಲೆ ಆಸಿಫ ಆಗಲೇ ತಲೆ ತಗ್ಗಿಸಿ ಕೂತಿದ್ದ. ಅವನ ಫೋನು ಒಳಗಿತ್ತು. ಹೆಂಗಸರೇ ಅದರಲ್ಲಿದ್ದ ಒಂದೊಂದೇ ಚಿತ್ರ ಅಳಿಸುತ್ತಿದ್ದರು. ಬಾಗಿಲಲ್ಲಿ ಮದುಮಗಳ ಅಜ್ಜಿ ಜೋಹರಾಬಿ ನಿಂತಿದ್ದಳು.

"ಬಾ ಬೇಟಿ. ಈತ ಮುಂಜಾನಿಂದ ಒಂದ ಹಾಡು ಹಾಡಾಕತ್ತಾನ. ತಪ್ಪೆಲ್ಲಾ ನಂದು, ಫರಹತಗ ಏನೂ ಗೊತ್ತಿಲ್ಲ ಅಂತ. ಖರೇ ಏನು?"

ಫರಹತ ಅವನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಸುಮ್ಮನಿದ್ದರೆ ತನ್ನ ಮಾತು ಉಳಿಯುತ್ತದೆ, ಎಲ್ಲ ಪರದೆಗಳೂ ತನಗೆ ತೆರೆದೇ ಇರುತ್ತವೆ. ಅವನ ಅಂಗಡಿ ಮುಚ್ಚುತ್ತದೆ, ಅಷ್ಟೇ.

"ಸುಳ್ಳ ಐತಿ ದಾದಿ. ಫೋನ್ ಅವರದು, ಬೆರಳು ನಂದು. ಓದಲಾರದ ಒತ್ತೀನಿ."

ಎಲ್ಲವನ್ನೂ ಹೇಳಿದಳು. ಒಳಗಿನಿಂದ ಮುಬಿನ ಬಾಗಿಲಿಗೆ ಬಂದಳು.

"ನಾ ಇನ್ನ ಮ್ಯಾಲ ಫೋಟೋಕ್ಕ ನಿಲ್ಲಾಂಗಿಲ್ಲ, ಫರಹತ. ಸಿಟ್ಟಿಲ್ಲ. ನಗಾಕ ಬರಾಂಗಿಲ್ಲ, ಅಷ್ಟ."

ಹೇಳಿ ಒಳಗೆ ಹೋದಳು. ಬೈದಿದ್ದರೆ ಫರಹತಳ ಎದೆ ಹಗುರಾಗುತ್ತಿತ್ತು.

ಜೋಹರಾಬಿ ಹೊಸ್ತಿಲು ದಾಟಿ ಫರಹತಳ ಹತ್ತಿರ ಬಂದಳು. ಆಮೇಲೆ ಅಂದಳು: "ಮನಗೂಳ್ಯಾಗ ನನ್ನ ತಂಗಿ ಮೊಮ್ಮಗಳ ಮದುವಿ ಐತಿ. ಅಲ್ಲಿ ಹೆಂಗಸರಿಗೆ ಇದನ್ನೆಲ್ಲಾ ನೀನ ಬಾಯಿಬಿಟ್ಟ ಹೇಳು. ಕೇಳಿದ ಮ್ಯಾಲೂ ಕರದ್ರ ಹೋಗು." ಆಸಿಫನತ್ತ ತಿರುಗಿದಳು. "ನೀ ಫೋನ್ ಇಂಡ್ಯಾಗ ಬಿಟ್ಟ ಬಾ. ಅದಕ್ಕ ಮದುವಿ ದಾವತ್ ಇಲ್ಲ."

ಇಬ್ಬರೂ ಬಸ್ಸಿಗಾಗಿ ರಸ್ತೆ ಬದಿ ನಿಂತರು. ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ.

"ಯಾಕ ಸುಳ್ಳ ಹೇಳಿದ್ರಿ?"

"ನಂದೇನ್ರಿ, ಅಂಗಡಿ. ಮತ್ತೊಂದ ಧಂದೆ ಮಾಡ್ತಿದ್ದೆ. ನಿಮ್ಮ ಮಾತ ಹೋದ್ರ ತಿರುಗಿ ಬರಾಂಗಿಲ್ಲ."

"ನಾ ನಿಮ್ಮನ್ನ ಕಳ್ಳನ್ನ ನೋಡಿದಂಗ ನೋಡಿದೆ."

"ಹೂಂ. ಭಾಳ ನೋವಾತು."

ಫರಹತಳ ಕಣ್ಣು ತುಂಬಿದವು. "ಮಾಫ್ ಮಾಡ್ರಿ."

"ಮಾಡೀನಿ…" ಅವನು ರಸ್ತೆ ನೋಡುತ್ತಲೇ ಅಂದ. "ಖಾಲಾಗ ನಾ ಇನ್ನೂ ಏನೂ ಹೇಳಿಲ್ರಿ. ಏನ ಹೇಳ್ಲಿ?"

ಮನಸ್ಸು ಆಗಲೇ ಹೂಂ ಅಂದಿತ್ತು. ಅವಳು ಅದನ್ನು ತಡೆದು ನಿಲ್ಲಿಸಿದಳು.

"ಮೊದಲ ಕೇಳೂದೆಲ್ಲಾ ಕೇಳ್ತೇನಿ. ಮದುವಿ ಆದ ಮ್ಯಾಲೂ ನಾ ಊರೂರು ಹೋಗಾಕಿ."

"ಹೋಗ್ರಿ."

"ಅಂಗಡಿ ಬೋರ್ಡಿಗೆ ನನ್ನ ಹೆಸರೂ ಬರಬೇಕು."

"ಬರಸೂಣ."

"ನಂದ ಮೊದಲ."

ಆಸಿಫ ಸ್ವಲ್ಪ ಹೊತ್ತು ಯೋಚಿಸಿದ. ಅವನು ಯೋಚಿಸಿದ್ದೇ ಅವಳಿಗೆ ಹಿಡಿಸಿತು.

"ನಮ್ಮ ಅಬ್ಬಾ ಗೊಣಗ್ತಾರ… ಗೊಣಗ್ಲಿ. ನಿಮ್ಮದ ಮೊದಲ."

ನಡುವಿನ ಜಾಗವನ್ನು ಫರಹತಳೇ ದಾಟಿ ಬಂದು ಪಕ್ಕದಲ್ಲಿ ನಿಂತಳು.

"ಹಂಗಾದ್ರ ಐತವಾರ ಖಾಲಾನ್ನ ಕಳಸ್ರಿ," ಎಂದಳು ಮೆಲ್ಲಗೆ. "ಚಾ ನಾನ ಮಾಡ್ತೇನಿ."