ಗೋಡೆಗೆ ಸ್ಪೀಕರ್ ಹಾಕಲು ಬಂದವನು

ಬಾಗಿಲು ತೆರೆದ ವಿದ್ಯಾವತಿಯ ಮುಖ ಗಂಟಿಕ್ಕಿತು.

ಹೊಸ್ತಿಲಾಚೆ ಡ್ರಿಲ್ ಮಷೀನ್ ಹಿಡಿದು ನಿಂತಿದ್ದವನು ಯಶವಂತ. ಹೋದ ವರ್ಷ ಕಮಲಾಪುರದಿಂದ ಅವಳನ್ನು ನೋಡಲು ಬಂದು, ಚಹಾ ಕುಡಿದು, 'ಹುಡುಗಿ ಮನಸ್ಸಿಗೆ ಬರಲಿಲ್ಲ' ಎಂದು ಹೇಳಿಕಳಿಸಿದ್ದ ಅದೇ ಯಶವಂತ.

"ಅತ್ತಿ ಕೊಟ್ಟು ಬಾ ಅಂದ್ರು..." ಎಂದ.

ಪಕ್ಕದ ಮನೆಯ ಶಂಕ್ರಮ್ಮ ಅವನ ಸೋದರತ್ತೆ. ಆ ಸಂಬಂಧ ತಂದವಳೂ ಅವಳೇ. ಡ್ರಿಲ್ ಕೇಳಿದರೆ ಇವನನ್ನೂ ಜೊತೆಗೆ ಕಳಿಸಬೇಕೇ?

"ಕೊಟ್ರಲ್ಲ. ಹೋಗ್ರಿ."

"ಯಾರು, ಯಶವಂತನಾ? ಒಳಗ ಬಾ ತಮ್ಮಾ," ದನಿಯಲ್ಲೇ ಗುರುತು ಹಿಡಿದ ಅಪ್ಪ ದೌಲಪ್ಪ ಮಂಚದಿಂದ ಕೂಗಿದ. "ಆಕಿ ಒಬ್ಬಾಕಿ ಸ್ಪೀಕರ್ ಹಾಕಾಕತ್ಯಾಳ. ಒಂದೀಟು ಕೈ ಹಚ್ಚು."

ಅಪ್ಪನ ಕಣ್ಣು ಮಂಜಾಗಿ ಟಿವಿ ನೋಡುವುದು ನಿಂತಿತ್ತು. ಮಲಗಿದಲ್ಲಿಗೇ ಹಾಡು ಕೇಳಲಿ ಎಂದು ವಿದ್ಯಾವತಿ ಈ ಸ್ಪೀಕರ್ ತಂದಿದ್ದಳು. ಮೇಜಿನ ಮೇಲಿಟ್ಟರೆ ಅಪ್ಪ ಅದರ ತಂತಿಗೆ ಎಡವುತ್ತಾನೆ. ಗೋಡೆಯೇ ಸರಿ.

ಯಶವಂತ ಬ್ರಾಕೆಟ್ ತೆಗೆದುಕೊಂಡು ಮಂಚದ ಮೇಲ್ಗಡೆ ಹಿಡಿದ. "ಇಲ್ಲಿ ಚೆಂದ ಕಾಣ್ತದ."

"ಬಿದ್ರ ನಮ್ಮಪ್ಪನ ತಲಿ ಮ್ಯಾಲ ಬೀಳ್ತದ. ಕಾಲೇಜಿನಾಗ ಏನು ಕಲಿಸ್ತೀರಿ?"

"ಇತಿಹಾಸ."

"ಅದಕ್ಕ ಹಿಂಗ."

ಅವನು ತೆಪ್ಪಗೆ ಎದುರಿನ ಗೋಡೆಗೆ ಹೋಗಿ ತೂತು ಕೊರೆದ. ಗಾರೆ ಪುಡಿಪುಡಿಯಾಗಿ ಉದುರಿತು. ಸ್ಕ್ರೂ ಕಚ್ಚಿ ಹಿಡಿಯಲೆಂದು ಒಳಗೆ ತೂರಿಸಿದ ಪ್ಲಾಸ್ಟಿಕ್ ಗಿಟ್ಟಿ ಅದರ ಜೊತೆಗೇ ಗರಗರ ತಿರುಗಿತು.

"ಸಾಕಾಗ್ತದಲ್ರಿ?"

ವಿದ್ಯಾವತಿ ಬ್ರಾಕೆಟ್ ಅನ್ನು ಒಂದೇ ಬೆರಳಿನಿಂದ ಎಳೆದಳು. ಅದು ಸ್ಕ್ರೂ ಸಮೇತ ಕಿತ್ತು ಬಂತು. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಇಂಥವನು ನನ್ನನ್ನು ಒಲ್ಲೆ ಅಂದನಲ್ಲ...

ಅವಳೇ ಗೋಡೆ ತಟ್ಟಿ ನೋಡಿದಳು. ಗಟ್ಟಿ ಸದ್ದು ಬಂದಲ್ಲಿ ಇಟ್ಟಿಗೆಯೊಳಗೆ ಇಳಿಯುವ ಹಾಗೆ ಕೊರೆದು, ಬಿಗಿಯಾದ ಗಿಟ್ಟಿ ಬಡಿದು, ಸ್ಕ್ರೂ ತಿರುಗಿಸಿದಳು. ಬ್ರಾಕೆಟ್ ಹಿಡಿದು ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಅದು ಅಲುಗಲಿಲ್ಲ.

"ಹಿಡೀರಿ ಸ್ಪೀಕರ್. ಅಷ್ಟಾದ್ರೂ ಬರ್ತದೇನು?"

ಅವನು ಹಿಡಿದ. ಅವಳು ಕೆಳಗಿನ ಬೋಲ್ಟ್ ಬಿಗಿಯತೊಡಗಿದಳು. ಇಬ್ಬರ ಮುಖ ಹತ್ತಿರವಿತ್ತು.

"ನನ್ನ ಮ್ಯಾಲ ಭಾಳ ಸಿಟ್ಟದ ನಿಮಗ," ಎಂದ ಮೆಲ್ಲಗೆ.

"ಸಿಟ್ಟಿಗೂ ಒಂದು ಯೋಗ್ಯತಿ ಬೇಕು."

"ಅವತ್ತು ಕೈ ತೊಳ್ಯಾಕ ಹಿತ್ತಲಿಗೆ ಬಂದಾಗ, ಅಡಿಗಿ ಮನ್ಯಾಗ ನೀವು ಅಳಾಕತ್ತಿದ್ರಿ. ಒತ್ತಾಯ ಮಾಡಿ ಕೂಡಿಸ್ಯಾರ ಅಂದ್ಕೊಂಡೆ. ನೀವು ಒಲ್ಲೆ ಅಂದ್ರ ಮನ್ಯಾಗ ಬೈತಾರ, ತಪ್ಪು ನನ್ನ ಮ್ಯಾಲೇ ಇರಲಿ ಅಂತ..."

ಸ್ಪ್ಯಾನರ್ ನಿಂತಿತು.

"ಅವ್ವ ಹೋಗಿ ಸ್ವಲ್ಪ ದಿನ ಆಗಿತ್ತು," ಎಂದಳು ವಿದ್ಯಾವತಿ. "ಅವತ್ತು ಉಟ್ಟಿದ್ದು ಅವ್ವನ ಸೀರಿ. ಮಡಿಕಿ ಬಿಚ್ಚಿದ್ರ ಅವ್ವನ ವಾಸನಿ ಬಂತು. ಅದಕ್ಕ ಅಳಾಕತ್ತಿದ್ದೆ."

ಅವನ ಮುಖ ಬಿಳಿಚಿಕೊಂಡಿತು.

"ಅಳೋದು ನೋಡಿದ್ರಿ, ಯಾಕ ಅಂತ ಕೇಳ್ಲಿಲ್ಲ. ದೊಡ್ಡ ಉಪಕಾರ ಮಾಡ್ದೆ ಅಂತ ಎದೆ ಉಬ್ಬಿಸಿಕೊಂಡು ಹೋದ್ರಿ. ನಾ ಕನ್ನಡಿ ಮುಂದ ನಿಂತು, ನನಗೇನು ಕಡಿಮಿ ಆಗ್ಯದ ಅಂತ ಹುಡುಕ್ಕೋತ ಕೂತೆ... ಗೊತ್ತದೇನು ನಿಮಗ?"

"ಇಲ್ಲ. ತಪ್ಪಾತು." ಕೈಯಲ್ಲಿ ಸ್ಪೀಕರಿನ ಭಾರವಿದ್ದುದರಿಂದ ಅವನು ಅಲ್ಲಾಡುವಂತಿರಲಿಲ್ಲ. "ಆಮ್ಯಾಲ ನಾ ಯಾರನ್ನೂ ನೋಡಾಕ ಹೋಗ್ಲಿಲ್ಲ ವಿದ್ಯಾ. ಮನಸ್ಸಿಗೆ ಬಂದಾಕಿನ್ನ ನಾನೇ ಬ್ಯಾಡ ಅಂದು ಬಂದಿದ್ದೆ. ಇವತ್ತು ಅತ್ತಿ ಡ್ರಿಲ್ ತೆಗೆದಿಟ್ಟಾಗ, ನಾನೇ ಕೊಟ್ಟು ಬರ್ತೀನಿ ಅಂದೆ."

ಅತ್ತೆ ಕಳಿಸಿದಳೆಂದು ಸುಳ್ಳು ಹೇಳಿದ್ದನೇ! ಅವಳು ಬೋಲ್ಟನ್ನು ಕೊನೆಯ ಸುತ್ತು ತಿರುಗಿಸಿದಳು. "ಬಿಡ್ರಿ. ಕುಂತದ."

ಬಿಟ್ಟ. ಸ್ಪೀಕರ್ ಗೋಡೆಯ ಮೇಲೆ ನಿಂತಿತು.

"ಈಗ ಕೇಳ್ತೀನಿ. ನನ್ನ ಮದುವಿ ಆಗ್ತೀರೇನು?"

"ಅಪ್ಪನ್ನ ಬಿಟ್ಟು ಕಮಲಾಪುರಕ್ಕ ಬರಂಗಿಲ್ಲ ನಾ."

"ನಾನೇ ಇಲ್ಲಿರ್ತೀನಿ. ಮುಂಜಾನಿ ಬಸ್ಸಿಗೆ ಹೋದ್ರ ಕಾಲೇಜು ಮುಟ್ಟತೀನಿ."

"ದಿನಾ?"

"ದಿನಾ."

ಅವಳ ತುಟಿಯ ತುದಿಯಲ್ಲಿ ತಾತ್ಸಾರ ಇನ್ನೂ ಇತ್ತು. ಕಣ್ಣು ಮಾತ್ರ ತುಂಬಿ ಬಂದಿತ್ತು.

"ನಿಮ್ಮ ಅತ್ತಿಗಿ ನಾನೇ ಹೋಗಿ ಹೇಳ್ತೀನಿ. ನಿಮ್ಮ ಬಾಯಿಗೆ ಬಿಟ್ರ ಮತ್ತ ಉಲ್ಟಾನೇ ಹೇಳ್ತೀರಿ."

"ಏನಂತ ಹೇಳ್ತೀರಿ?"

"ಹುಡುಗ ಅಷ್ಟೇನು ಶಾಣ್ಯಾ ಇಲ್ಲ..." ಅವಳು ಅವನ ತೋಳಿನ ಮೇಲಿನ ಗಾರೆಯ ಪುಡಿ ಒರೆಸಿದಳು. "ಆದ್ರ ನನಗ ಬೇಕು ಅಂತ."