ಖಾಲಿ ಸಿರಿಂಜ್

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಗು. ಅತ್ತೆ ಮೂರು ಲೋಟ ಇಟ್ಟರು. ಆಮೇಲೆ ಒಂದನ್ನು ತೆಗೆದಿಟ್ಟರು.

"ಇವತ್ತೇ ಹೋಗ್ಬೇಕಾ ಮಗಳೇ?"

"ಮನೇಲಿ ಕೂರಕ್ಕಾಗ್ತಿಲ್ಲ ಅತ್ತೆ."

ಆಸ್ಪತ್ರೆಯಲ್ಲೂ ಕೂರಲಾಗಲಿಲ್ಲ. ಅವಳೂ ಗಂಡನೂ ಒಟ್ಟಿಗೆ ಕೆಲಸ ಮಾಡುತ್ತಿದ್ದ, ರೋಗಿಯ ದೇಹದಿಂದ ಬರುವ ವಿಕಿರಣ ಎಣಿಸುವ ಗಾಮಾ ಕ್ಯಾಮೆರಾದ ಕೋಣೆಯ ಬಾಗಿಲಲ್ಲೇ ವಿಭಾಗದ ಮುಖ್ಯಸ್ಥೆ ಎದುರಾದರು.

"ಕ್ಯಾಮೆರಾದ ಸೂಕ್ಷ್ಮತೆ ತೊಂಬತ್ತೆರಡು ಅಂತ ನಿನ್ನ ಗಂಡ ಹೋದ ತಿಂಗಳು ಬರೆದಿದ್ದಾನೆ. ಅದನ್ನ ನಂಬಿ ನಲವತ್ತು ರೋಗಿಗಳ ವರದಿ ಹೋಗಿದೆ. ಆಗ ಅವನ ಮನಸ್ಸು ಸರಿ ಇರ್ಲಿಲ್ಲ ಅಂತಾರೆ... ಬೇರೆಯವರ ಕೈಲಿ ಅಳೆಸ್ತೀನಿ."

"ಬೇಡ ಮೇಡಂ! ನಾನೇ ಅಳೀತೀನಿ."

ಗಂಡನ ಕೊನೆಯ ಕೆಲಸ ತಪ್ಪಾಗಿರಬಾರದು... ಅಷ್ಟೇ ಅವಳಿಗೆ ಬೇಕಿತ್ತು.

ಸಿರಿಂಜಿನಲ್ಲಿದ್ದ ವಿಕಿರಣ ಸೂಸುವ ದ್ರವವನ್ನು ತಟ್ಟೆಗೆ ಸುರಿದಳು. ಕ್ಯಾಮೆರಾ ಎಣಿಸಿತು. ಹಿನ್ನೆಲೆಯ ವಿಕಿರಣ ಕಳೆದು ಸೆಕೆಂಡಿಗೆ ಮೂರು ಸಾವಿರದ ನಾನೂರ ನಲವತ್ತು. ತುಂಬಿದ ಸಿರಿಂಜಿನಲ್ಲಿ ಅಳೆದಿದ್ದ ವಿಕಿರಣ ನಲವತ್ತು ಘಟಕ; ಘಟಕಕ್ಕೆ ಎಷ್ಟು ಎಣಿಕೆಯೋ ಅದೇ ಸೂಕ್ಷ್ಮತೆ. ಭಾಗಿಸಿದಳು.

ಎಂಬತ್ತಾರು!

ಮತ್ತೆ ಭಾಗಿಸಿದಳು. ಎಂಬತ್ತಾರೇ. ಎದ್ದಳು, ಕಿಟಕಿವರೆಗೆ ಹೋದಳು, ಬಂದಳು, ಮತ್ತೆ ಎದ್ದಳು.

ರೀ, ಏನು ಮಾಡಿಟ್ಟಿದ್ದೀರಿ...?

ಅವನ ಲೆಕ್ಕದ ಪುಸ್ತಕಕ್ಕೆಂದು ಡ್ರಾಯರ್ ಎಳೆದಳು. ಪುಸ್ತಕದ ಮೇಲೆ ಆ ಉದ್ದನೆಯ ಚಿಮುಟ!

"ಇನ್ಮೇಲೆ ಇದರಲ್ಲೇ ಸಿರಿಂಜ್ ಹಿಡಿ" ಎಂದು ತಂದಿದ್ದ. "ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳಿ!" ಎಂದು ಎಲ್ಲರೆದುರು ರೇಗಿದ್ದಳು. ಆತ ಅದನ್ನು ಡ್ರಾಯರಿಗೆ ಹಾಕಿದ್ದ. ಮೂರು ವಾರ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅಪಘಾತ.

ಪುಸ್ತಕ ತೆರೆದಳು. ಅವನ ದುಂಡಗಿನ ಅಕ್ಷರ: 'ತುಂಬಿದ ಸಿರಿಂಜಿನ ಅಳತೆಯಿಂದ ಖಾಲಿ ಸಿರಿಂಜಿನದನ್ನು ಕಳೆ.'

ಅಯ್ಯೋ! ಸುರಿದ ಮೇಲೂ ಸಿರಿಂಜಿಗೆ ಒಂದಿಷ್ಟು ಅಂಟಿರುತ್ತದೆ. ಅದನ್ನು ಅವಳು ಅಳೆದೇ ಇರಲಿಲ್ಲ.

ಸೀಸದ ಪೆಟ್ಟಿಗೆಯಿಂದ ಖಾಲಿ ಸಿರಿಂಜನ್ನು ಆ ಚಿಮುಟದಲ್ಲೇ ಎತ್ತಿ ಅಳೆದಳು. ಎರಡು ಪಾಯಿಂಟ್ ಮೂರು. ಸುರಿದು ಒಂದು ಗಂಟೆ ದಾಟಿತ್ತು. ಅಷ್ಟರಲ್ಲಿ ತಾನಾಗಿ ಕ್ಷಯಿಸಿದ ವಿಕಿರಣವನ್ನು ಸೇರಿಸಿದರೆ ಎರಡು ಪಾಯಿಂಟ್ ಆರು. ಅದನ್ನು ನಲವತ್ತರಿಂದ ಕಳೆದು ಭಾಗಿಸಿದಳು.

ತೊಂಬತ್ತೆರಡು.

"ತಪ್ಪು ನನ್ನದು ಮೇಡಂ. ಅವರದಲ್ಲ!"

ಮುಖ್ಯಸ್ಥೆ ಅಂಕಿಗಳ ಮೇಲೆ ಬೆರಳಾಡಿಸಿದರು. "ವರದಿಗಳು ಹಾಗೇ ಇರ್ಲಿ. ನಾನು ಆ ಮಾತು ಆಡಬಾರದಿತ್ತು ಕಣಮ್ಮ."

ಚಿಮುಟದ ಹಿಡಿಯಲ್ಲಿ ಮಾಸಿದ ಚೀಟಿ: 'ಔಷಧ ತಯಾರಿ ಕೋಣೆ'. ಅವಳು ಮೇಲಿನ ಮಹಡಿಗೆ ಹತ್ತಿದಳು. ಅಲ್ಲಿನ ಹಿರಿಯ ರಸಾಯನತಜ್ಞರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

"ಮೇಷ್ಟ್ರೇ, ಇದು ನಿಮ್ಮದಾ?"

"ಒಂದು ವಾರಕ್ಕೆ ಅಂತ ಒಯ್ದ ಪುಣ್ಯಾತ್ಮ! 'ಯಾಕಯ್ಯಾ, ಹೆಂಡತಿ ಕೈ ನಡುಗತ್ತಾ?' ಅಂತ ಗೇಲಿ ಮಾಡಿದ್ದೆ."

"...ಏನಂದ್ರು?"

"'ನನ್ನ ಕೈಗಿಂತ ಅವಳ ಕೈ ಗಟ್ಟಿ ಮೇಷ್ಟ್ರೇ. ಅದಕ್ಕೇ ಎಲ್ಲಾ ಸಿರಿಂಜೂ ಅವಳ ಕೈಗೇ ಹೋಗತ್ತೆ. ಬೆರಳಿಗೆ ವಿಕಿರಣ ಬೀಳೋದೂ ಅವಳಿಗೇ. ಒಂದು ಗೇಣಾದ್ರೂ ದೂರ ಇರ್ಲಿ' ಅಂದ."

ಇಷ್ಟು ದಿನ ಬಾರದ ಅಳು ಆಗ ಬಂತು. ಮೇಷ್ಟ್ರು ಸ್ಟೂಲು ಸರಿಸಿ ಕೊಟ್ಟರು.

"ನೀನೇ ಇಟ್ಕೋಮ್ಮಾ."

"ಬೇಡ ಮೇಷ್ಟ್ರೇ. ವಾಪಸ್ ಕೊಡ್ತೀನಿ ಅಂದಿದ್ರಲ್ಲ ಅವರು."

"ಮತ್ತೆ ನಿನ್ನ ಕೈಗೆ?"

ಅವಳು ಚಿಮುಟವನ್ನು ಮೇಜಿನ ಮೇಲಿಟ್ಟು, ಅದರ ಪಕ್ಕ ಅಂಗೈ ಹರಡಿ ಅಳತೆ ಹಿಡಿದಳು.

"ಇಷ್ಟೇ ಉದ್ದದ್ದು ಹೊಸದು ತರಿಸ್ಕೋತೀನಿ."